ನಾಲ್ಕು ದೂರಗಳ ಕ್ಯಾಮೆರಾ

ಒಲಿಂಪಸ್ ಟ್ರಿಪ್ 35 ಎನ್ನುವ ಹಳೆ ಫಿಲ್ಮ್ ಕ್ಯಾಮೆರಾಕ್ಕೆ ಬ್ಯಾಟರಿ ಬೇಡ. ನಾನು ಅದನ್ನೇ ಹುಡುಕಿಕೊಂಡು ಹೋಗಿದ್ದಕ್ಕೆ ಮೊದಲ ಕಾರಣ ಇದು. ಲೆನ್ಸಿನ ಸುತ್ತ ಸಣ್ಣ ಸಣ್ಣ ಗುಳ್ಳೆಗಳಿರುವ ಒಂದು ಉಂಗುರ ಇದೆ, ಅದರ ಹಿಂದೆ ಸೆಲೆನಿಯಂ ಸೆಲ್. ಬೆಳಕು ಬಿದ್ದರೆ ಸಾಕು, ಅದು ತಾನೇ ಒಂದಿಷ್ಟು ಕರೆಂಟು ಹುಟ್ಟಿಸಿ ಒಳಗಿನ ಮುಳ್ಳನ್ನು ಅಲ್ಲಾಡಿಸುತ್ತದೆ. ಮುಳ್ಳು ನಿಂತ ಜಾಗದ ಮೇಲೆ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು, ಬೆಳಕನ್ನು ಫಿಲ್ಮಿಗೆ ಬಿಡುವ ಶಟರ್ 1/40 ಸೆಕೆಂಡಿನಲ್ಲಿ ಬೀಳಬೇಕೋ 1/200ರಲ್ಲಿ ಬೀಳಬೇಕೋ ಎನ್ನುವುದು ತೀರ್ಮಾನ ಆಗುತ್ತದೆ. ಇರುವುದು ಇವೆರಡೇ ವೇಗ. ನಮ್ಮ ಕರಾವಳಿಯಲ್ಲಿ ಹಳೆ ಕ್ಯಾಮೆರಾಗಳು ಹಾಳಾಗುವುದು ಹೆಚ್ಚಾಗಿ ಬ್ಯಾಟರಿಯ ಗೂಡಿನಿಂದಲೇ. ಮಳೆಗಾಲದಲ್ಲಿ ಒಳಗೇ ಉಳಿದುಹೋದ ಬ್ಯಾಟರಿ ಸೋರುತ್ತದೆ, ಉಪ್ಪುಗಾಳಿಗೆ ಗೂಡಿನ ಲೋಹದ ಪಟ್ಟಿ ಹಸಿರುಗಟ್ಟುತ್ತದೆ, ಆಮೇಲೆ ಬಿಚ್ಚಿ ಸರಿಮಾಡುವವರು ಹತ್ತಿರದಲ್ಲಿ ಯಾರೂ ಇಲ್ಲ. 1967ರಿಂದ 1984ರವರೆಗೆ ತಯಾರಾದ ಈ ಮಾಡೆಲ್ಲಿಗೆ ಆ ಗೂಡೇ ಇಲ್ಲ.

ನಾನು ಅಂಕೋಲೆಯವಳು, ಕಾರವಾರದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ದಿನಾ ಬೆಳಿಗ್ಗೆ ಹೆದ್ದಾರಿ 66ರ ಬಸ್ಸು, ಸಂಜೆ ಅದೇ ಬಸ್ಸು. ಫೋಟೋ ತೆಗೆಯುವ ಚಟ ಮೊದಲಿನಿಂದ ಇತ್ತು, ಫೋನಿನಲ್ಲಿ ಸಾವಿರಾರು ತೆಗೆದಿದ್ದೇನೆ. ಆದರೆ ನಮ್ಮ ಮನೆಯ ಆಲ್ಬಮ್ಮು 2008ಕ್ಕೆ ನಿಂತಿದೆ. ಅಲ್ಲಿಯ ತನಕ ಅಜ್ಜಿಯ ಶ್ರಾದ್ಧದಿಂದ ಹಿಡಿದು ಹೊಸ ಹಂಡೆ ತಂದ ದಿನದವರೆಗೆ ಎಲ್ಲ ಇದೆ. ಆಮೇಲಿನದೆಲ್ಲ ಯಾವಯಾವುದೋ ಫೋನಿನಲ್ಲಿ, ಯಾವುದೋ ಪೆನ್‌ಡ್ರೈವಿನಲ್ಲಿ. ಆ ಆಲ್ಬಮ್ಮಿನಲ್ಲಿ ಅಪ್ಪ ಕಾಳಿ ನದಿಯ ಸೇತುವೆಯ ಮೇಲೆ ನಿಂತ ಕಾರ್ಡ್ ಸೈಜಿನ ಫೋಟೋ ಒಂದಿದೆ, ಹಿಂದೆ ಸದಾಶಿವಗಡದ ಗುಡ್ಡ. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಆ ಹಳೆ ಸೇತುವೆ ಕುಸಿದು ಲಾರಿ ಸಮೇತ ನದಿಗೆ ಬಿತ್ತು. ಮರುದಿನ ಎಲ್ಲರೂ ಫೋನಿನಲ್ಲಿ ಮುರಿದ ಸೇತುವೆಯನ್ನೇ ತೋರಿಸುತ್ತಿದ್ದರು. ಸೇತುವೆ ಸರಿಯಾಗಿದ್ದಾಗ, ಅದರ ಮೇಲೆ ನಮ್ಮವರು ಸುಮ್ಮನೆ ನಿಂತಿದ್ದ ಫೋಟೋ ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ. ದಿನನಿತ್ಯದ್ದನ್ನು ನೆಗೆಟಿವ್ ಆಗಿ, ಕಾಗದದ ಮೇಲೆ ಉಳಿಸಬೇಕು ಎನ್ನುವ ಹಂಬಲ ಗಟ್ಟಿಯಾದದ್ದು ಆವಾಗ.

ಕ್ಯಾಮೆರಾ ಸಿಕ್ಕಿದ್ದು ಭಟ್ಕಳದಲ್ಲಿ. ಅಲ್ಲಿಯ ಮನೆಗಳ ಕಪಾಟಿನಲ್ಲಿ ಇಂಥವು ಇನ್ನೂ ಇವೆ. ಹಿಂದೆ ಗಲ್ಫಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಟೇಪ್‌ರೆಕಾರ್ಡರು, ಗಡಿಯಾರದ ಜೊತೆಗೆ ಕ್ಯಾಮೆರಾವನ್ನೂ ತರುತ್ತಿದ್ದರು. ಪರಿಚಯದವರ ಪರಿಚಯದವರು ಒಬ್ಬರು ತಮ್ಮ ತಂದೆಯದ್ದು ಇದೆ ಎಂದರು. ಹೋಗಿ ನೋಡಿದರೆ ಕಂದು ಚರ್ಮದ ಕವಚ, ಲೆನ್ಸಿಗೆ ಮುಚ್ಚಳ, ಎಲ್ಲ ಹಾಗೇ ಇತ್ತು.

"ಇದು ಕೆಟ್ಟಿದೆ ಮೇಡಂ, ಮೊದಲೇ ಹೇಳ್ತೇನೆ," ಎಂದರು ಅವರು. "ಸೆಲ್ ಹಾಕುವ ಜಾಗವೇ ಸಿಗಲಿಲ್ಲ ನಮಗೆ. ಒತ್ತಿದರೆ ಕೆಂಪು ಬರ್ತದೆ, ಫೋಟೋ ಹೊಡೆಯೋದಿಲ್ಲ."

ಅವರು ಕೆಟ್ಟಿದೆ ಎಂದು ಹೇಳಿದ ಲಕ್ಷಣವೇ ಅದು ಸರಿಯಾಗಿರುವ ಲಕ್ಷಣ. ಬೆಳಕು ಸಾಲದಿದ್ದರೆ ಈ ಕ್ಯಾಮೆರಾ ಫೋಟೋ ತೆಗೆಯಲು ಬಿಡುವುದಿಲ್ಲ. ಶಟರ್ ಒತ್ತಿದರೆ ಕಣ್ಣಿಟ್ಟು ನೋಡುವ ವ್ಯೂಫೈಂಡರಿನೊಳಗೆ ಕೆಂಪು ಪಟ್ಟಿಯೊಂದು ಎದ್ದು ನಿಲ್ಲುತ್ತದೆ, ಗುಂಡಿ ಅಲ್ಲಿಗೇ ತಡೆಯುತ್ತದೆ, ಫಿಲ್ಮು ವ್ಯರ್ಥ ಆಗುವುದಿಲ್ಲ. ನಡುಮನೆಯ ಕತ್ತಲೆಯಿಂದ ಎದ್ದು ಅಂಗಳಕ್ಕೆ ಬಂದೆ. ಕಿಂಡಿಯ ಉಂಗುರವನ್ನು 'ಎ' (ಆಟೋ) ಗುರುತಿಗೆ ತಿರುಗಿಸಿ, ಬಿಸಿಲಿನ ಕಡೆ ಹಿಡಿದು ಒತ್ತಿದರೆ ಟಕ್ ಎಂದಿತು. ಅಂಗೈಯಿಂದ ಲೆನ್ಸನ್ನೂ ಸೆಲ್ಲನ್ನೂ ಮುಚ್ಚಿ ಒತ್ತಿದರೆ ಕೆಂಪು ಎದ್ದಿತು. ಆಮೇಲೆ ಬಾಗಿಲ ನೆರಳಿನಲ್ಲಿ ನಿಂತು ಫಿಲ್ಮಿನ ವೇಗದ ಉಂಗುರವನ್ನು (ಅಂಕಿ ದೊಡ್ಡದಾದಷ್ಟು ಫಿಲ್ಮಿಗೆ ಕಡಿಮೆ ಬೆಳಕು ಸಾಕು) 25ಕ್ಕೆ ಇಟ್ಟೆ, ಕೆಂಪು ಬಂತು. 400ಕ್ಕೆ ಇಟ್ಟೆ, ಬರಲಿಲ್ಲ. ಎಂದರೆ ಮುಳ್ಳು ಬೆಳಕಿಗೆ ತಕ್ಕಂತೆ ಓಡಾಡುತ್ತಿದೆ. ಸೆಲೆನಿಯಂ ವರ್ಷಗಟ್ಟಲೆ ಬೆಳಕಿನಲ್ಲಿ ಬಿದ್ದಿದ್ದರೆ ಬಲ ಕಳೆದುಕೊಳ್ಳುತ್ತದೆ. ಇಲ್ಲಿ ಮುಚ್ಚಳ ಹಾಕಿ ಕವಚದೊಳಗೆ ಇಟ್ಟದ್ದೇ ಅದನ್ನು ಉಳಿಸಿತ್ತು. ಲೆನ್ಸನ್ನು ಟಾರ್ಚ್ ಹಿಡಿದು ನೋಡಿದೆ. ಅಂಚಿನಲ್ಲಿ ಜೇಡರ ಎಳೆಯಷ್ಟು ಫಂಗಸ್, ನಡುವೆ ಏನೂ ಇಲ್ಲ. ಈ ಹವೆಯಲ್ಲಿ ಅಷ್ಟು ವರ್ಷ ಇದ್ದದ್ದಕ್ಕೆ ಅದು ತೀರಾ ಕಡಿಮೆ.

ಕ್ಯಾಮೆರಾ ಕೆಟ್ಟಿಲ್ಲ, ಚೆನ್ನಾಗಿದೆ ಎಂದು ಅವರಿಗೆ ಹೇಳಿದೆ, ಬೇಕಿದ್ದರೆ ಇಟ್ಟುಕೊಳ್ಳಿ ಎಂದೂ ಹೇಳಿದೆ. "ನಮ್ಮಲ್ಲಿ ಯಾರು ರೋಲ್ ಹಾಕ್ತಾರೆ, ನೀವೇ ತೆಗೊಂಡು ಹೋಗಿ, ಕೆಲಸ ಮಾಡ್ಲಿ" ಎಂದರು. 3500 ರೂಪಾಯಿ ಕೊಟ್ಟೆ.

ಮನೆಗೆ ತಂದ ಮೇಲೆ ಮೊದಲ ಕೆಲಸ ಹಿಂಬಾಗಿಲಿನದ್ದು. ಬಾಗಿಲು ಮುಚ್ಚುವ ಸಂದಿಯಲ್ಲಿ ಬೆಳಕು ನುಗ್ಗದಂತೆ ಫೋಮಿನ ಪಟ್ಟಿ ಇರುತ್ತದೆ. ಅದು ಹಳತಾದ ಹಾಗೆ ಕರಗಿ ಕರೀ ಅಂಟಾಗುತ್ತದೆ. ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಒಂದೊಂದು ಅಂಗುಲವಾಗಿ ಕೆರೆದು ತೆಗೆದೆ. ಹತ್ತಿ ತುಂಬ ಒದ್ದೆ ಇರಬಾರದು, ಕರಗಿದ ಅಂಟು ಶಟರಿನ ಕಡೆ ಹರಿಯಬಾರದು. ಸಂದಿಯೊಳಗೆ ಕಪ್ಪು ಉಣ್ಣೆಯ ದಾರ ಕೂರಿಸಿದೆ, ಬಾಗಿಲ ಕೀಲಿನ ಕಡೆಗೆ ಮಾತ್ರ ತೆಳು ಫೋಮು. ಉಣ್ಣೆ ಕರಗುವುದಿಲ್ಲ, ಹಾಗಾಗಿ ನಮ್ಮ ಸೆಕೆಗೆ ಅದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ.

ಫಿಲ್ಮು ಬೆಂಗಳೂರಿನಿಂದ ತರಿಸಬೇಕಾಯಿತು. ಕಲರಿಗೆ ಕೊಡಕ್ ಗೋಲ್ಡ್ 200, ಕಪ್ಪುಬಿಳುಪಿಗೆ ಇಲ್ಫೋರ್ಡ್ ಎಚ್‌ಪಿ5 ಪ್ಲಸ್, ಅದು 400ರದ್ದು. ಈ ಕ್ಯಾಮೆರಾದ ಉಂಗುರ 400ಕ್ಕೆ ನಿಲ್ಲುತ್ತದೆ. ರೋಲು ಒಂದಕ್ಕೆ ಸಾವಿರ ರೂಪಾಯಿಯ ಆಚೀಚೆ. ತೊಳೆಯುವ ಖರ್ಚು ಸೇರಿಸಿದರೆ ಕಪ್ಪುಬಿಳುಪಿನ ಒಂದು ಫೋಟೋ 30 ರೂಪಾಯಿಯ ಆಸುಪಾಸು ಬೀಳುತ್ತದೆ, ಕಲರಾದರೆ ಇನ್ನೂ ಹೆಚ್ಚು. ನನಗೆ ಇದು ಸಣ್ಣ ಖರ್ಚಲ್ಲ. ತಿಂಗಳಿಗೆ ಒಂದು ರೋಲು ಎಂದು ಗೊತ್ತು ಮಾಡಿಕೊಂಡೆ.

ರೋಲು ಹಾಕಿದ ಮೇಲೆ ಒಂದು ಪರೀಕ್ಷೆ ಇದೆ, ಹೊಸಬರು ಯಾರೇ ಆದರೂ ಮಾಡಲೇಬೇಕು. ಬಾಗಿಲು ಮುಚ್ಚಿ, ಎಡಗಡೆಯ ಸುತ್ತುವ ಗುಂಡಿಯಿಂದ ಫಿಲ್ಮಿನ ಸಡಿಲವನ್ನು ನಿಧಾನಕ್ಕೆ ಎಳೆದುಕೊಳ್ಳಬೇಕು. ಆಮೇಲೆ ಹಿಂದಿನ ಹಲ್ಲಿನ ಚಕ್ರವನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಿರುಗಿಸುವಾಗ ಎಡಗಡೆಯ ಗುಂಡಿಯೂ ತಿರುಗಿದರೆ ಫಿಲ್ಮು ಓಡುತ್ತಿದೆ ಎಂದರ್ಥ. ತಿರುಗದಿದ್ದರೆ ತುದಿ ಕಚ್ಚಿಕೊಂಡಿಲ್ಲ.

ಇನ್ನು ಫೋಕಸ್. ಈ ಕ್ಯಾಮೆರಾದ ಮರ್ಮ ಇರುವುದು ಇಲ್ಲಿ. ಫೋಕಸ್ ತಾನಾಗಿ ಆಗುವುದಿಲ್ಲ, ವ್ಯೂಫೈಂಡರಿನಲ್ಲಿ ನೋಡಿ ಹೊಂದಿಸುವುದಕ್ಕೂ ಬರುವುದಿಲ್ಲ. ಲೆನ್ಸಿನ ಉಂಗುರದ ಮೇಲೆ ನಾಲ್ಕು ಸಣ್ಣ ಚಿತ್ರಗಳಿವೆ: ಒಂದು ತಲೆ, ಇಬ್ಬರು, ಮೂವರ ಗುಂಪು, ಗುಡ್ಡ. ಲೆಕ್ಕದಲ್ಲಿ ಹೇಳುವುದಾದರೆ 1 ಮೀಟರ್, ಒಂದೂವರೆ ಮೀಟರ್, 3 ಮೀಟರ್, ಮತ್ತೆ ದೂರದ್ದೆಲ್ಲ. ನಮ್ಮ ಮುಂದಿರುವವರು ಎಷ್ಟು ದೂರ ಇದ್ದಾರೆ ಎಂದು ಕಣ್ಣಳತೆಯಲ್ಲಿ ಗೊತ್ತುಮಾಡಿ ಉಂಗುರ ತಿರುಗಿಸಬೇಕು, ಅಷ್ಟೇ.

ಮೀಟರು ನನ್ನ ಕಣ್ಣಿಗೆ ಹತ್ತಲಿಲ್ಲ. ಬೇಲೆಕೇರಿಯಲ್ಲಿ ಬಲೆ ಸರಿಮಾಡುತ್ತಿದ್ದವರು ಹಗ್ಗವನ್ನು ಎರಡೂ ಕೈ ಚಾಚಿ ಮಾರು ಮಾರಾಗಿ ಅಳೆಯುವುದನ್ನು ನೋಡುತ್ತ ನಿಂತಾಗ ದಾರಿ ಸಿಕ್ಕಿತು. ನಾನೂ ಮೈಯಿಂದಲೇ ಅಳೆದೆ. ನಾನೂ ಎದುರಿಗಿರುವವರೂ ಒಂದೊಂದು ಕೈ ಚಾಚಿದರೆ ಬೆರಳ ತುದಿ ತಾಗುವಷ್ಟಿದ್ದರೆ ಅದು 'ಇಬ್ಬರು' ಚಿತ್ರದ ದೂರ. ನಾನೊಬ್ಬಳೇ ಕೈ ಚಾಚಿ, ಅರ್ಧ ಹೆಜ್ಜೆ ಮುಂದಿಟ್ಟರೆ ಅವರ ಹೆಗಲು ಸಿಗುವುದಾದರೆ 'ಒಂದು ತಲೆ'. ಒಂದೂವರೆ ಮಾರಿಗಿಂತ ಸ್ವಲ್ಪ ಹೆಚ್ಚಿದ್ದರೆ, ನಮ್ಮ ಮನೆಯಲ್ಲಿ ಬಾಗಿಲ ಹೊಸ್ತಿಲಿಂದ ಜಗಲಿಯ ಕೊನೆಯ ಕಂಬ, ಅದು 'ಮೂವರು'. ಮನೆಯವರನ್ನೆಲ್ಲ ನಿಲ್ಲಿಸಿ, ಫಿಲ್ಮಿಲ್ಲದೆ, ಟೇಪು ಹಿಡಿದು ಅಭ್ಯಾಸ ಮಾಡಿದೆ. ಕಣ್ಣು ಬೇಗ ಕಲಿಯುತ್ತದೆ. ಈಗ ಬಸ್ಸಿನಲ್ಲಿ ಕೂತಾಗಲೂ ಕಂಡಕ್ಟರು ಎಷ್ಟು ದೂರ ಎಂದು ಮನಸ್ಸು ತನ್ನಷ್ಟಕ್ಕೆ ಹೇಳುತ್ತದೆ.

ಬಿಸಿಲು ಜೋರಿದ್ದರೆ ಅಳತೆ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಲೆನ್ಸು 40 ಎಂಎಂನದ್ದು. ಕಿಂಡಿ ಎಫ್ 11ಕ್ಕೆ (ಎಫ್ ಅಂಕಿ ಹೆಚ್ಚಿದಷ್ಟು ಕಿಂಡಿ ಕಿರಿದು) ಇಳಿದಿದ್ದರೆ 3 ಮೀಟರಿಗೆ ಇಟ್ಟ ಫೋಕಸಿನಲ್ಲಿ 2 ಮೀಟರಿನಿಂದ ಹೆಚ್ಚುಕಡಿಮೆ 8 ಮೀಟರಿನ ತನಕ ಎಲ್ಲ ಚೊಕ್ಕ ಬರುತ್ತದೆ. ಕಾರವಾರದ ಟಾಗೋರ್ ಬೀಚಿನ ಮಧ್ಯಾಹ್ನದಲ್ಲಿ 200ರ ಫಿಲ್ಮಿಗೆ ಎಫ್ 16, 1/200 ಸಾಕು; ಕ್ಯಾಮೆರಾ ತಾನೇ ಅಲ್ಲಿಗೆ ಹೋಗಿ ನಿಲ್ಲುತ್ತದೆ, ನಾನು ಚಿತ್ರದ ಉಂಗುರ ಮುಟ್ಟಬೇಕಾದ್ದೇ ಇಲ್ಲ. ಬೆಳಕು ಕಡಿಮೆಯಾಗಿ ಕಿಂಡಿ ಪೂರ್ತಿ 2.8ಕ್ಕೆ ತೆರೆದುಕೊಂಡರೆ ಆಟ ಬೇರೆ. ಅದೇ 3 ಮೀಟರಿನಲ್ಲಿ ಚೊಕ್ಕ ಇರುವ ಜಾಗ ಒಂದು ಮೀಟರಿಗಿಂತ ಹೆಚ್ಚಿಲ್ಲ, 1 ಮೀಟರಿನಲ್ಲಂತೂ ಒಂದು ಗೇಣೂ ಇಲ್ಲ. ಮುಖ ಸಿಕ್ಕರೆ ಕಿವಿ ಮಸುಕು.

ಅಂಕೋಲೆ ಪೇಟೆಯಲ್ಲಿ ನನಗೆ ಬಂಗಡೆ ಮೀನು ಕೊಡುವ ಒಬ್ಬರಿದ್ದಾರೆ. ಫೋನಿನಲ್ಲಿ ಅವರ ಫೋಟೋ ದೂರದಿಂದ ಎಷ್ಟೋ ಸಲ ತೆಗೆದಿದ್ದೆ, ಅವರಿಗೆ ಗೊತ್ತೂ ಇಲ್ಲ. ಈ ಕ್ಯಾಮೆರಾದಲ್ಲಿ ದೂರದಿಂದ ತೆಗೆದರೆ ಮನುಷ್ಯರು ಬೆರಳಷ್ಟು ಬರುತ್ತಾರೆ. ಹತ್ತಿರ ಹೋಗಲೇಬೇಕು, ಹತ್ತಿರ ಹೋದ ಮೇಲೆ ಕೇಳಲೇಬೇಕು. ಬುಟ್ಟಿಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದೆ.

"ಇದೆಂಥದ್ರಾ ಅಕ್ಕೋರೆ, ಹಳೇ ಕಾಲದ್ದು?" ಎಂದರು.

"ರೋಲಿಂದು. ನಿಮ್ಮದೊಂದು ಫೋಟೋ ತೆಗೀಲಾ?"

"ತೆಗೀರಿ, ತೆಗೀರಿ. ತೆಗ್ದಾದ ಮೇಲೆ ತೋರ್ಸಿ ಮತ್ತೆ."

"ಈಗ ಕಾಣೂದಿಲ್ಲ. ರೋಲು ಮುಗೀಬೇಕು, ತೊಳೀಬೇಕು. ಸರಿ ಬಂತೋ ಇಲ್ವೋ ಅಂತ ನಂಗೂ ಆಗಲೇ ಗೊತ್ತಾಗೂದು."

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. "ಹಂಗಾರೆ ತಡೀರಾ, ನಾ ಸಮಾ ಕೂತ್ಕಂತೆ."

ಮಗ್ಗುಲಿನ ಬಕೆಟ್ಟಿನಲ್ಲಿ ಕೈ ಅದ್ದಿ, ಮೊಣಕೈ ತನಕ ಹತ್ತಿದ್ದ ಮೀನಿನ ಹುರುಪೆಯನ್ನು ತೊಳೆದರು. ಸೀರೆಯ ಸೆರಗಿಗೆ ಕೈ ಒರೆಸಿ, ಮುಡಿಯಲ್ಲಿದ್ದ ಅಬ್ಬಲಿಗೆ ದಂಡೆಯನ್ನು ಕಿವಿಯ ಹಿಂದಿನಿಂದ ಮುಂದಕ್ಕೆ ಕಾಣುವಂತೆ ಎಳೆದುಕೊಂಡರು. ಆಮೇಲೆ ಬುಟ್ಟಿಯ ಮೇಲಿನ ಮೀನುಗಳನ್ನು ತಲೆ ಒಂದೇ ಕಡೆ ಬರುವಂತೆ ಜೋಡಿಸಿ, ಬಂಗಡೆಯ ಬೆನ್ನಿನ ಗೆರೆ ಹೊಳೆಯಲಿ ಎಂದು ನೀರು ಚಿಮುಕಿಸಿದರು. ಅಷ್ಟರ ತನಕ ಗಿರಾಕಿಗಳನ್ನು ನಿಲ್ಲಿಸಿಕೊಂಡರು. 'ಇಬ್ಬರು' ಚಿತ್ರಕ್ಕೆ ಉಂಗುರ ಇಟ್ಟು, ಒಂದೇ ಒಂದು ಸಲ ಒತ್ತಿದೆ. ಎರಡನೆಯದು ಬೇಕು ಅನಿಸಲಿಲ್ಲ. ತಾನು ಹೇಗೆ ಕಾಣಬೇಕು ಎಂದು ಅವರೇ ತೀರ್ಮಾನಿಸಿ ಕೂತಿದ್ದರು. ನಾನು ದೂರದಿಂದ ತೆಗೆದ ಅಷ್ಟೂ ಫೋಟೋಗಳಲ್ಲಿ ಆ ತೀರ್ಮಾನಕ್ಕೆ ಜಾಗವೇ ಇರಲಿಲ್ಲ. ದಿನನಿತ್ಯದ ಫೋಟೋಗೆ ಈ ಕ್ಯಾಮೆರಾ ಒಳ್ಳೆಯದು ಎಂದು ನಾನು ಹೇಳುವುದಾದರೆ ಅದು ಬಣ್ಣಕ್ಕಾಗಿ ಅಲ್ಲ, ಹಳೆಯದರ ಮೋಹಕ್ಕಾಗಿಯೂ ಅಲ್ಲ. ಅದು ನಮ್ಮನ್ನು ಒಂದು ಮಾರಿನ ಒಳಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ, ಅದಕ್ಕೆ.

ಗುಡ್ಡದ ಚಿತ್ರ ನನಗೆ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಕಾಳಿ ನದಿಯ ಹೊಸ ಸೇತುವೆಯಿಂದ ಸದಾಶಿವಗಡ, ಬೀಚಿನಿಂದ ಕೂರ್ಮಗಡ ದ್ವೀಪ, ಎಲ್ಲ ಗೀಟೆಳೆದ ಹಾಗೆ ತೆಳ್ಳಗೆ ಬಂದವು. ಅದಕ್ಕೆ ಬೇರೆ ಲೆನ್ಸು ಬೇಕು. ಕಡಲ ಕಡೆ ಹಿಡಿದಾಗ ಇನ್ನೊಂದು ಎಚ್ಚರಿಕೆ: ಆಕಾಶದ ಬೆಳಕೆಲ್ಲ ಸೆಲ್ಲಿಗೆ ಬಿದ್ದು, ಎದುರಿಗೆ ನಿಂತವರು ಕಪ್ಪಾಗುತ್ತಾರೆ. ಕ್ಯಾಮೆರಾವನ್ನು ಮರಳಿನ ಕಡೆ ಬಾಗಿಸಿ, ಗುಂಡಿಯನ್ನು ಅರ್ಧ ಒತ್ತಿದರೆ ಮುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ; ಹಾಗೇ ಹಿಡಿದುಕೊಂಡು ಮೇಲೆತ್ತಿ ಪೂರ್ತಿ ಒತ್ತಬೇಕು. ಕಾರವಾರದ ಬೈತಖೋಲ ಬಂದರಿನಲ್ಲಿ ಸಂಜೆ ದೋಣಿ ಬರುವಾಗ ಹೀಗೆ ಮಾಡಿದ ಫೋಟೋಗಳಲ್ಲಿ ಮುಖಗಳು ಉಳಿದಿವೆ. ಬಿಣಗಾ ದಾಟಿ ಅರ್ಗಾದ ನೌಕಾನೆಲೆಯ ಗೋಡೆಯ ಪಕ್ಕ ಬಸ್ಸು ಹೋಗುವಷ್ಟು ಹೊತ್ತು ಮಾತ್ರ ಕ್ಯಾಮೆರಾ ಚೀಲದೊಳಗೇ ಇರಬೇಕು. ಅಲ್ಲಿ ಫೋಟೋ ತೆಗೆಯುವಂತಿಲ್ಲ.

ಶಿರಸಿಯ ಬೆಳಕು ಪೂರಾ ಬೇರೆ. ದೇವಿಮನೆ ಘಟ್ಟ ಹತ್ತಿ ಮೇಲೆ ಹೋದರೆ ಅಡಿಕೆ ತೋಟದೊಳಗೆ ಹಗಲು ಹನ್ನೊಂದಕ್ಕೂ ಕೆಂಪು ಪಟ್ಟಿ ಏಳುತ್ತದೆ. ಗೆಳತಿಯ ಮನೆಯಲ್ಲಿ ಕೊಯ್ಲಿನ ಸಮಯಕ್ಕೆ ಹೋಗಿದ್ದೆ. ರಾತ್ರಿ ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು, ಮೇಲೆ ಒಂದು ಬಲ್ಬು. 'ಎ' ಬಿಟ್ಟು ಉಂಗುರವನ್ನು 2.8ಕ್ಕೆ ತಿರುಗಿಸಿದರೆ ಕೆಂಪು ಪಟ್ಟಿಯ ತಡೆ ಇರುವುದಿಲ್ಲ, 1/40ರಲ್ಲಿ ಶಟರ್ ಬೀಳುತ್ತದೆ. ಗೆಳತಿಯ ಅತ್ತೆ ತಲೆ ಎತ್ತಿ, "ಈ ಕತ್ತಲಲ್ಲಿ ಪಟ ಬತ್ತನೇ ತಂಗಿ?" ಎಂದರು. ಬಲ್ಬಿನ ಕೆಳಗೇ ಕೂತಿದ್ದವರದ್ದು ಬಂತು. ಕಂಬದ ಆಚೆ ಇದ್ದವರದ್ದು ಬರಿ ಕೈ ಬಂತು, ಅಡಿಕೆ ಹಿಡಿದ ಕೈ ಮತ್ತು ಕತ್ತಿಯ ಅಂಚು. ಫಿಲ್ಮಿನ ಲೆಕ್ಕದಲ್ಲಿ ಅದು ಬೆಳಕು ಸಾಲದ, ತೀರಾ ತೆಳುವಾದ ನೆಗೆಟಿವ್. ನನಗೆ ಬಹಳ ಇಷ್ಟವಾದದ್ದರಲ್ಲಿ ಅದೂ ಒಂದು.

ಕಲರ್ ರೋಲುಗಳನ್ನು ಬೆಂಗಳೂರಿನ ಲ್ಯಾಬಿಗೆ ಅಂಚೆಯಲ್ಲಿ ಕಳಿಸುತ್ತೇನೆ. ಅದರ ಡೆವಲಪರ್ (ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣ) 38 ಡಿಗ್ರಿಯಲ್ಲೇ ನಿಲ್ಲಬೇಕು, ಮೂರೂಕಾಲು ನಿಮಿಷ, ಆಚೀಚೆ ಆದರೆ ಬಣ್ಣ ಕೆಡುತ್ತದೆ. ಅದನ್ನು ಮನೆಯಲ್ಲಿ ಮಾಡುವ ಯೋಚನೆ ನನಗಿಲ್ಲ. ಸ್ಕ್ಯಾನು ಮಾತ್ರ ಸಾಲದು, ನೆಗೆಟಿವ್ ವಾಪಸ್ ಬೇಕು ಎಂದು ಚೀಟಿಯಲ್ಲಿ ಬರೆದು ಹಾಕುವುದು ಒಳ್ಳೆಯದು. ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯುತ್ತೇನೆ. ಇದನ್ನು ಕಲಿಸಿದವರು ಕಾರವಾರದಲ್ಲಿ ಹಿಂದೆ ಸ್ಟುಡಿಯೋ ಇಟ್ಟಿದ್ದ ಒಬ್ಬ ಹಿರಿಯರು. ಅಂಗಡಿ ಮುಚ್ಚಿ ಬಹಳ ವರ್ಷ ಆಗಿದೆ. ಫಿಲ್ಮು ತೊಳೆಯುವ ಪ್ಯಾಟರ್ಸನ್ ಟ್ಯಾಂಕು, ಥರ್ಮಾಮೀಟರು, ಕಂದು ಬಾಟಲಿಗಳು, ಎಲ್ಲವನ್ನೂ ಅಟ್ಟದಿಂದ ಇಳಿಸಿ ಒರೆಸಿ ಕೊಟ್ಟರು. ನಾನು ಕೇಳಿದ್ದು ಟ್ಯಾಂಕು ಒಂದನ್ನೇ.

ಇಲ್ಲಿಯ ತೊಂದರೆ ಎರಡು, ಬೆವರು ಮತ್ತು ಬಿಸಿ ನೀರು.

ಫಿಲ್ಮನ್ನು ಪೂರ್ತಿ ಕತ್ತಲೆಯಲ್ಲಿ, ಟ್ಯಾಂಕಿನೊಳಗೆ ಕೂರುವ ಪ್ಲಾಸ್ಟಿಕ್ ರೀಲಿಗೆ ಸುತ್ತಬೇಕು. ಕೈ ತೂರಿಸುವ ಕಪ್ಪು ಚೀಲ ಸಿಗುತ್ತದೆ, ಅದರೊಳಗೆ ಎರಡು ನಿಮಿಷದಲ್ಲಿ ಅಂಗೈ ಬೆವರುತ್ತದೆ, ರೀಲು ತೇವ ಹಿಡಿಯುತ್ತದೆ, ಫಿಲ್ಮು ಅರ್ಧಕ್ಕೆ ಕಚ್ಚಿ ನಿಲ್ಲುತ್ತದೆ. ಬಲವಂತ ಮಾಡಿದರೆ ಮಡಿಕೆ ಬಿದ್ದು ಅಲ್ಲಿ ಅರ್ಧಚಂದ್ರದ ಕಲೆ. "ಚೀಲ ಬಿಡಿ ಮೇಡಂ, ಅದು ಬೆಂಗಳೂರಿಗೆ. ಇಲ್ಲಿ ಅಮಾಸೆ ರಾತ್ರಿ ಒಳಗಿನ ಕೋಣೆ ಸಾಕು," ಎಂದರು ಹಿರಿಯರು. ಅಮಾವಾಸ್ಯೆಯೇ ಆಗಬೇಕೆಂದಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತೇನೆ. ಆ ಹೊತ್ತಿಗೆ ಸೆಕೆ ಕಡಿಮೆ, ಬೀದಿ ದೀಪ ಒಳಕೋಣೆಗೆ ಬರುವುದಿಲ್ಲ, ಬಾಗಿಲ ಸಂದಿಗೆ ಕಂಬಳಿ. ರೀಲನ್ನು ಹಿಂದಿನ ದಿನ ಬಿಸಿಲಿಗೆ ಇಟ್ಟು ಚೆನ್ನಾಗಿ ಒಣಗಿಸಿರುತ್ತೇನೆ. ಫಿಲ್ಮಿನ ತುದಿಯ ಎರಡೂ ಮೂಲೆಯನ್ನು ಕತ್ತರಿಯಿಂದ ಸ್ವಲ್ಪ ದುಂಡು ಮಾಡಿದರೆ ಅದು ಸಲೀಸಾಗಿ ಒಳಗೆ ಹೋಗುತ್ತದೆ. ಎರಡೂ ಕೈ ಒಂದಾದ ಮೇಲೊಂದು ಹಿಂದೆ ಮುಂದೆ ಆಡಿಸುವಾಗ ರೀಲು ಕರಕರ ಎನ್ನುತ್ತದೆ. ಆ ಸದ್ದು ಒಂದೇ ಸಮ ಇದ್ದರೆ ಎಲ್ಲ ಸರಿಯಿದೆ.

ನೀರಿನ ಮಾತು. ಎಚ್‌ಪಿ5 ಪ್ಲಸ್ಸಿಗೆ ಡಿ-76 ಡೆವಲಪರನ್ನು ನೀರು ಬೆರೆಸದೆ ಹಾಕಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ನಮ್ಮ ನಲ್ಲಿ ನೀರು ಬೇಸಿಗೆಯಲ್ಲಿ 28, 30. ಅಷ್ಟು ಬಿಸಿಯಲ್ಲಿ ಹೊತ್ತು ಐದು ನಿಮಿಷಕ್ಕಿಂತ ಕೆಳಗೆ ಇಳಿಯುತ್ತದೆ, ಹುಯ್ಯುವಾಗ ಬಸಿಯುವಾಗ ಆಗುವ ಕೆಲವು ಸೆಕೆಂಡಿನ ವ್ಯತ್ಯಾಸವೂ ಫಿಲ್ಮಿನ ಮೇಲೆ ಮೋಡ ಮೋಡವಾಗಿ ಕಾಣುತ್ತದೆ. ಹಿರಿಯರು ಹೇಳಿದ್ದು ಐಸು. "ನಮ್ಮ ಕಾಲದಲ್ಲಿ ಮೀನಿನವರ ಹತ್ರ ಒಂದು ತುಂಡು ಇಸ್ಕೊಂಡು ಬರ್ತಿದ್ವಿ. ಏಪ್ರಿಲ್, ಮೇ ಎರಡು ತಿಂಗಳು ಡಾರ್ಕ್‌ರೂಮಿನಲ್ಲಿ ಬಂಗಡೆ ವಾಸನೆ." ನಾನೂ ಹಾಗೇ ಮಾಡುತ್ತೇನೆ. ಐಸು ಬಕೆಟ್ಟಿನ ನೀರಿಗೆ, ಡೆವಲಪರಿಗಲ್ಲ. ಬಕೆಟ್ಟಿನೊಳಗೆ ಬಾಟಲಿ ನಿಲ್ಲಿಸಿ ಥರ್ಮಾಮೀಟರು ಬಿಟ್ಟುಕೊಂಡು ಕಾಯಬೇಕು. ಪಾದರಸ 20ಕ್ಕೆ ಇಳಿದ ಮೇಲೆ 290 ಎಂಎಲ್ ಅಳೆದು ಟ್ಯಾಂಕಿಗೆ ಹುಯ್ಯುವುದು. ಮೊದಲ ಹತ್ತು ಸೆಕೆಂಡು ನಾಲ್ಕು ಸಲ ತಲೆಕೆಳಗು ಮಾಡುವುದು, ಗಾಳಿಗುಳ್ಳೆ ಬಿಡಲಿ ಎಂದು ಟ್ಯಾಂಕನ್ನು ಕಲ್ಲಿನ ಮೇಲೆ ಕುಟ್ಟುವುದು, ಆಮೇಲೆ ನಿಮಿಷಕ್ಕೊಮ್ಮೆ ಅದೇ. ಬಸಿದು, ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಅದರ ಮೇಲೆ ಚಿತ್ರ ಬೆಳಕಿಗೆ ಕೆಡದಂತೆ ಮಾಡುವ ಹೈಪೋ. ಈಗಿನ ರ್‍ಯಾಪಿಡ್ ಫಿಕ್ಸರಿಗೂ ಸ್ಟುಡಿಯೋದವರ ಬಾಯಲ್ಲಿ ಹೈಪೋ ಅಂತಲೇ ಹೆಸರು.

ತೊಳೆಯುವ ನೀರು ಒಮ್ಮೆಲೇ 30 ಡಿಗ್ರಿಯದ್ದು ಹಾಕಬಾರದು. ಅದಕ್ಕೂ ಬಕೆಟ್ಟಿನ ನೀರನ್ನೇ ಇಟ್ಟುಕೊಳ್ಳುತ್ತೇನೆ. ನೀರು ತುಂಬಿ ಐದು ಸಲ ತಿರುವಿ ಚೆಲ್ಲು, ಮತ್ತೆ ತುಂಬಿ ಹತ್ತು ಸಲ, ಮತ್ತೆ ಇಪ್ಪತ್ತು ಸಲ. ಇಷ್ಟಕ್ಕೆ ಹೈಪೋ ಹೋಗುತ್ತದೆ, ನಲ್ಲಿ ಬಿಟ್ಟು ಕೂರಬೇಕಾಗಿಲ್ಲ. ಬೇಸಿಗೆಯಲ್ಲಿ ನೀರಿನ ಬೆಲೆ ಗೊತ್ತಿರುವ ಊರಿಗೆ ಈ ಕ್ರಮ ಒಳ್ಳೆಯದು.

ಮುಚ್ಚಳ ತೆಗೆದು ರೀಲಿನಿಂದ ಫಿಲ್ಮು ಬಿಡಿಸಿ ಬೆಳಕಿಗೆ ಹಿಡಿಯುವ ಆ ಗಳಿಗೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಬಂಗಡೆಯ ಬುಟ್ಟಿ ಸಿಕ್ಕಿತ್ತು. ನೆಗೆಟಿವ್‌ನಲ್ಲಿ ಮೀನು ಕಪ್ಪು, ಅವರ ಕೂದಲು ಬಿಳಿ, ಅಬ್ಬಲಿಗೆಯ ಒಂದೊಂದು ಎಸಳೂ ಬೇರೆಬೇರೆ. ನಾನು ಬಚ್ಚಲಿನ ಬಾಗಿಲಲ್ಲೇ ನಿಂತು ಅಮ್ಮನನ್ನು ಕೂಗಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಂದು ಎಲ್ಲ 36ನ್ನೂ ಮೇಲಿಂದ ಕೆಳಗೆ ನೋಡಿದರು.

ಒಣಗಿಸುವುದಕ್ಕೆ ಬಚ್ಚಲೇ ಜಾಗ. ಮೊದಲು ಗೋಡೆಗೆಲ್ಲ ನೀರು ಚಿಮುಕಿಸಿ ಧೂಳು ಕೂರಿಸಬೇಕು, ಕೆಳಗಿನ ತುದಿಗೆ ಬಟ್ಟೆ ಕ್ಲಿಪ್ಪು ತೂಗಬೇಕು, ಫ್ಯಾನು ಹಾಕಬಾರದು. ಈ ತೇವಕ್ಕೆ ಒಂದು ಹಗಲು ಪೂರ್ತಿ ಹಿಡಿಯುತ್ತದೆ. ಆಮೇಲೆ ಆರಾರು ಫ್ರೇಮಿಗೆ ಕತ್ತರಿಸಿ ಕವರಿಗೆ ಹಾಕಿ, ಲೈಟ್ ಪ್ಯಾಡಿನ ಮೇಲಿಟ್ಟು ಗೆಳತಿಯ ಡಿಜಿಟಲ್ ಕ್ಯಾಮೆರಾದಲ್ಲಿ ನಕಲು ತೆಗೆಯುತ್ತೇವೆ. ಪ್ರಿಂಟು ಊರಿನ ಸ್ಟುಡಿಯೋದಲ್ಲೇ ಆಗುತ್ತದೆ.

ಮೀನಿನವರಿಗೆ ಪ್ರಿಂಟು ಕೊಟ್ಟಾಗ ಅವರು ಬಹಳ ಹೊತ್ತು ನೋಡಿದರು. "ಬಂಗಡೆ ಸಮಾ ಬಂದದೆ," ಎಂದರು, ಆಮೇಲೆ ಪಕ್ಕದವರಿಗೆ ದಾಟಿಸಿದರು. ಅದು ಸಾಲಿನ ಕೊನೆಯ ತನಕ ಹೋಗಿ ಹಿಂದೆ ಬಂತು. ಮರುವಾರ ಹೋದಾಗ ಸಾಲಿನಲ್ಲಿ ಶೆಟ್ಲಿ (ಸೀಗಡಿ) ಮಾರುವವರು, "ನಮ್ದ್ಯಾವಾಗ್ರಾ ಅಕ್ಕೋರೆ?" ಎಂದು ಕೇಳಿದರು. ಅವರು ಆಗಲೇ ಮುಖ ತೊಳೆದುಕೊಂಡಿದ್ದರು.

ಈಗ ಜೂನ್. ಯಾಂತ್ರಿಕ ದೋಣಿಗಳಿಗೆ ಜುಲೈ 31ರ ತನಕ ಮೀನುಗಾರಿಕೆ ಬಂದ್, ಪೇಟೆಯ ಸಾಲು ಅರ್ಧ ಖಾಲಿ. ಕ್ಯಾಮೆರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಜೊತೆ ಇಟ್ಟಿದ್ದೇನೆ. ಚರ್ಮದ ಕವಚವನ್ನು ಬೇರೆಯೇ ಇಡಬೇಕು, ಫಂಗಸ್ ಮೊದಲು ಹುಟ್ಟುವುದು ಅದರಲ್ಲಿ. ಜೆಲ್ಲಿನ ನೀಲಿ ಕಾಳು ಗುಲಾಬಿಗೆ ತಿರುಗಿದರೆ ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಹುರಿದು ಮತ್ತೆ ನೀಲಿ ಮಾಡಿಕೊಳ್ಳುತ್ತೇನೆ. ಅದಕ್ಕೆ ಅಡುಗೆಯದಲ್ಲದ ಬೇರೆ ಕಾವಲಿ ಇಟ್ಟಿದ್ದೇನೆ. ಮಳೆ ಹೊಳವಾದ ದಿನ ತೆಗೆದು ಬೆಳಕಿಗೆ ಹಿಡಿದು ಶಟರ್ ಒಂದೆರಡು ಸಲ ಒತ್ತಿ ಒಳಗಿಡುತ್ತೇನೆ. ಕಿಂಡಿಯ ಎಲೆಗಳಿಗೆ ಎಣ್ಣೆ ಹತ್ತಿ ಅಂಟಿಕೊಳ್ಳುವುದು ಈ ಮಾಡೆಲ್ಲಿನ ಹಳೆ ಕಾಯಿಲೆ, ಆಡಿಸುತ್ತಿದ್ದರೆ ಆ ಭಯ ಕಡಿಮೆ. ಮೋಡದ ದಿನಗಳಿಗೆ 400ರ ರೋಲೇ ಸರಿ. ಒಂದು ಮನೆಯಲ್ಲಿದೆ. ಆಗಸ್ಟ್ ಒಂದಕ್ಕೆ ಬೈತಖೋಲದಲ್ಲಿ ದೋಣಿ ಕಡಲಿಗಿಳಿಯುವ ಹೊತ್ತಿಗೆ ಇನ್ನೆರಡು ತರಿಸಬೇಕು, ಮತ್ತು ಅಷ್ಟರೊಳಗೆ ಸ್ಟುಡಿಯೋದ ಹಿರಿಯರನ್ನು ಅವರ ಮನೆಯ ಕಿಟಕಿಯ ಪಕ್ಕ, ಆ ಕಂದು ಬಾಟಲಿಗಳ ಜೊತೆ ಕೂರಿಸಿ 'ಒಂದು ತಲೆ' ದೂರದಲ್ಲಿ ಒಂದು ತೆಗೆಯಬೇಕು. ಊರಿಗೆಲ್ಲ ಫೋಟೋ ತೆಗೆದುಕೊಟ್ಟವರು, ತಮ್ಮದೊಂದೂ ಸರಿಯಾದ್ದಿಲ್ಲ ಎಂದು ಹೇಳಿದ್ದಾರೆ.